ಪಳಗದ ಕುದುರೆ, ಅಣ್ಣನ ನಾಯಿಗಳು

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಶಾಂತಲಾ ಆಪ್ತಸಮಾಲೋಚನೆಗೆ ನನ್ನಲ್ಲಿಗೆ ಬಂದದ್ದು ನಿದ್ರೆ ಬರುತ್ತಿಲ್ಲವೆಂದು. ವಯಸ್ಸು ನಲವತ್ತರ ಆಸುಪಾಸು. ಮನೆಯಿಂದಲೇ ಲೆಕ್ಕಪತ್ರದ ಕೆಲಸ, ಬೆಂಗಳೂರಿನ ಹೊರವಲಯದಲ್ಲಿ ಚಿಕ್ಕ ತೋಟ. ಮಗಳು ಹಾಸ್ಟೆಲ್ ಸೇರಿದ ಮೇಲೆ, ಬಹುದಿನದ ಆಸೆಯಂತೆ ಗುಜರಾತಿನ ಕಾಠಿಯಾವಾಡಿ ತಳಿಯ ನಾಲ್ಕು ವರ್ಷದ ಹೆಣ್ಣು ಕುದುರೆಯೊಂದನ್ನು ಕೊಂಡಿದ್ದರು. ತಲೆಗೆ ಹಗ್ಗ ಹಾಕಿಸಿಕೊಂಡು ಹಿಂದೆ ನಡೆದುಬರುವುದನ್ನು ಬಿಟ್ಟರೆ ಅದಕ್ಕೇನೂ ಗೊತ್ತಿರಲಿಲ್ಲ. ಬೆನ್ನಿಗೆ ಜೀನು ತಗುಲಿದ್ದೇ ಇಲ್ಲ.

ಅಷ್ಟರಲ್ಲಿ ಅವರ ಅಣ್ಣನಿಗೆ ಕೆನಡಾದಲ್ಲಿ ಕೆಲಸವಾಯಿತು. ಅವನ ಎರಡು ಮುಧೋಳ ನಾಯಿಗಳನ್ನು ಏನು ಮಾಡುವುದೆಂಬ ಮಾತು ಬಂದಾಗ ತಾಯಿ ಹೇಳಿದ್ದು ಒಂದೇ ಮಾತು: “ನೀನಿದ್ದೀಯಲ್ಲ, ತೋಟವೂ ಇದೆ.” ಮನೆಯಲ್ಲಿ ಆಗಲೇ ಒಂದು ನಾಟಿ ನಾಯಿಯಿತ್ತು. ಕೆಲವು ತಿಂಗಳ ಮಟ್ಟಿಗೆ ಎಂದು ಬಂದ ನಾಯಿಗಳು ವರ್ಷ ಕಳೆದರೂ ಅಲ್ಲೇ ಇದ್ದವು. ಖರ್ಚಿನ ಮಾತನ್ನು ಅಣ್ಣ ಎತ್ತಲಿಲ್ಲ, ಇವರು ಕೇಳಲಿಲ್ಲ.

ನಿದ್ರೆ ಪೂರ್ತಿ ಕೆಟ್ಟದ್ದು ಒಂದು ಸಂಜೆಯ ನಂತರ. ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತು ಹಾಕಿಸುತ್ತಿದ್ದಾಗ, ಕಟ್ಟು ತಪ್ಪಿಸಿಕೊಂಡ ನಾಯಿಯೊಂದು ಅದರ ಹಿಂದೆ ಬಿದ್ದಿತು. ಕುದುರೆ ಕಿತ್ತುಕೊಂಡು ಓಡಿತು. ಶಾಂತಲಾರ ಎರಡೂ ಅಂಗೈ ಸುಲಿದುಹೋದವು. ಮರುದಿನದಿಂದ ಹಗ್ಗ ಕಂಡರೆ ಕುದುರೆ ಹಿಂಜರಿಯುತ್ತಿತ್ತು, ಇವರೂ ಹಿಂಜರಿಯುತ್ತಿದ್ದರು. “ಕುದುರೆ ಮಾರಿಬಿಡು, ಎಲ್ಲ ಸರಿಹೋಗುತ್ತದೆ” ಎಂದು ಗಂಡ ತೀರ್ಪು ಕೊಟ್ಟಿದ್ದರು.

ನಿದ್ರೆಯ ದೂರಿಗೆ ದೇಹದ ಕಾರಣವೂ ಇರಬಹುದೆಂದು ಮೊದಲು ವೈದ್ಯರಲ್ಲಿಗೆ ಕಳುಹಿಸಿದೆ. ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಸರಿಯಿದ್ದವು. ಆಮೇಲೆ ಒಂದು ಕೆಲಸ ಕೊಟ್ಟೆ: ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಪ್ರತಿ ಕೆಲಸವನ್ನೂ ಬರೆದು, ಅದನ್ನು ಮಾಡೆಂದವರು ಯಾರು ಎಂದು ಎದುರಿಗೆ ಗುರುತು ಹಾಕಬೇಕು. ಪಟ್ಟಿಯಲ್ಲಿ ಅವರದೇ ಹೆಸರು ಬಂದದ್ದು ಕುದುರೆಯ ಎದುರಿಗೆ ಮಾತ್ರ. ಅದಕ್ಕೆ ಸಿಗುತ್ತಿದ್ದದ್ದೂ ಎಲ್ಲ ಮುಗಿದ ಮೇಲಿನ ಸಂಜೆ, ಅವರು ಬಳಲಿ ಬೆಂಡಾಗಿರುವ ಹೊತ್ತು. ಅಷ್ಟು ಹಣ ಕೊಟ್ಟಿದ್ದೇನೆ, ದಿನವೂ ಏನಾದರೂ ಕಲಿಸಲೇಬೇಕು ಎಂಬ ಹಟ ಬೇರೆ.

ಗಂಡನ ತೀರ್ಪನ್ನು ನಾನು ಒಪ್ಪದಿದ್ದದ್ದು ಇದಕ್ಕೇ. ಕುದುರೆ ಹೋದರೆ ಇವರು ತಾವಾಗಿ ಆರಿಸಿಕೊಂಡದ್ದು ಹೋಗುತ್ತದೆ, ಬೇರೆಯವರು ಹೊರಿಸಿದ್ದು ಹಾಗೆಯೇ ಉಳಿಯುತ್ತದೆ.

ನನಗೆ ಸವಾರಿ ಬಾರದು. ಆದ್ದರಿಂದ ಕುದುರೆ ತರಬೇತುದಾರರೊಬ್ಬರನ್ನೂ ಪಶುವೈದ್ಯರನ್ನೂ ಕಂಡು ಬರಲು ಹೇಳಿದೆ. ಅವರಿಬ್ಬರ ಮಾತು ಕೇಳಿ ಬಂದ ಮೇಲೆ ಶಾಂತಲಾರ ದಿನದ ಕ್ರಮವನ್ನು ತಲೆಕೆಳಗು ಮಾಡಿದೆವು. ಎಳೆಯ ಕುದುರೆಗೆ ಮೇವು, ನೀರು, ಓಡಾಡಲು ಜಾಗ ಮತ್ತು ಒಂದಿಷ್ಟು ಸಂಗ ಇದ್ದರೆ, ನಾಲ್ಕು ದಿನ ಪಾಠ ತಪ್ಪಿದರೂ ನಷ್ಟವಿಲ್ಲ. ಅದರ ಬೆನ್ನುಮೂಳೆ ಪೂರ್ತಿ ಬಲಿಯುವುದೇ ಐದಾರು ವರ್ಷದ ಹೊತ್ತಿಗೆ. ಪಕ್ಕದ ಕೊಟ್ಟಿಗೆಯ ಹಸುಗಳು ಸದ್ಯಕ್ಕೆ ಸಂಗಕ್ಕಾಯಿತು. ಓಡುವುದಕ್ಕೇ ಹುಟ್ಟಿದ ಮುಧೋಳ ನಾಯಿಗೆ ಮಾತ್ರ ಒಂದು ದಿನ ತಪ್ಪಿದರೂ ಮೈಯೆಲ್ಲ ಚಡಪಡಿಕೆ. ಅದು ಮೂಸಿ ಬೇಟೆಯಾಡುವ ತಳಿಯಲ್ಲ, ಕಣ್ಣಲ್ಲಿ ಕಂಡು ಅಟ್ಟುವ ತಳಿ. ಕುದುರೆಯಾದರೋ ಅಟ್ಟಿಸಿಕೊಂಡು ಬದುಕುಳಿದ ವಂಶದ್ದು. ನೇರ ಹಿಂದೆ ಬಂದದ್ದು ಅದರ ಕಣ್ಣಿಗೆ ಬೀಳದು, ಬೆದರಿ ಓಡುತ್ತದೆ ಇಲ್ಲವೇ ಒದೆಯುತ್ತದೆ. ಆ ಸಂಜೆ ನಾಯಿ, ಕುದುರೆ ಎರಡರಲ್ಲಿ ಯಾವುದೂ ತಪ್ಪು ಮಾಡಲಿಲ್ಲವೆಂದು ಹೇಳಿದಾಗ ಶಾಂತಲಾ ಅತ್ತರು. ತಮ್ಮ ಕೈಯಲ್ಲಿ ಪ್ರಾಣಿಗಳು ಕೆಟ್ಟುಹೋದವೆಂದು ಅಷ್ಟು ದಿನ ನಂಬಿದ್ದರು.

ಬೆಳಗಿನ ತಂಪಿನಲ್ಲಿ ಮೊದಲು ನಾಯಿಗಳು: ಬೇಲಿಯೊಳಗಿನ ಜಾಗದಲ್ಲಿ ಮನಸಾರೆ ಓಟ, ದಣಿವಾರಿದ ಮೇಲೆ ಮೂರಕ್ಕೂ ಬೇರೆ ಬೇರೆ ಮೂಲೆಯಲ್ಲಿ ತಟ್ಟೆ. ಕುದುರೆಯ ಪಾಠದ ಹೊತ್ತಿಗೆ ಅವು ಮನೆಯೊಳಗೆ, ಬಾಗಿಲು ಹಾಕಿ. ಪರಿಚಯ ಮಾಡಿಸುವುದಿದ್ದರೆ ಕುದುರೆ ನಿಂತು ಮೇಯುತ್ತಿರುವಾಗ, ಬೇಲಿಯ ಆಚೆ ದೂರದಲ್ಲಿ, ಒಂದೊಂದೇ ನಾಯಿಯನ್ನು ಹಗ್ಗದಲ್ಲಿ ಹಿಡಿದು. ರೇಬೀಸ್ ಕುದುರೆಗೂ ತಗಲುತ್ತದೆ ಎಂಬುದು ಅವರಿಗೆ ಹೊಸ ಸುದ್ದಿ. ಅಣ್ಣನ ನಾಯಿಗಳ ಲಸಿಕೆಯ ಅವಧಿಯೂ ಮುಗಿದಿತ್ತು.

ಕುದುರೆಗೆ ವಾರಕ್ಕೆ ಮೂರೇ ಪಾಠ, ಒಂದೊಂದೂ ಹದಿನೈದು ನಿಮಿಷ. ಹಗ್ಗದ ಒತ್ತಡಕ್ಕೆ ಅದು ಒಂದು ಹೆಜ್ಜೆ ಸೋತರೂ ಆ ಕ್ಷಣವೇ ಸಡಿಲಿಸಬೇಕು, ಅದು ಕಲಿಯುವುದೇ ಆ ಸಡಿಲಿಕೆಯಿಂದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಕೈಗವಸು ಬೇಕು. ಮೊದಲ ಸವಾರಿ ಶಾಂತಲಾರದ್ದಲ್ಲ, ತರಬೇತುದಾರರದು. ನಾನು ಸೇರಿಸಿದ ನಿಯಮ ಒಂದೇ: ಹಿಂದಿನ ರಾತ್ರಿ ನಿದ್ರೆ ಆಗಿಲ್ಲವಾದರೆ ಆ ದಿನ ಪಾಠವಿಲ್ಲ, ಮೈ ಉಜ್ಜುವುದಷ್ಟೇ. ಹಿಡಿದವರ ಕೈಯ ಬಿಗಿತ ಹಗ್ಗದುದ್ದಕ್ಕೂ ಕುದುರೆಗೆ ಮುಟ್ಟುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಅಣ್ಣನಿಗೆ ಹೇಳಬೇಕಾದ ಮಾತು. ಅದನ್ನು ನನ್ನ ಕೋಣೆಯಲ್ಲಿ ಮತ್ತೆ ಮತ್ತೆ ಹೇಳಿಸಿದೆ. ಮೊದಲ ಕರಡಿನಲ್ಲಿ “ನಿನಗೆ ತೊಂದರೆಯಾಗದಿದ್ದರೆ” ಎಂಬುದು ಸಾಲು ಸಾಲಿಗೂ ಬರುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟು: “ಅಣ್ಣ, ಯುಗಾದಿಯವರೆಗೆ ಎರಡನ್ನೂ ನೋಡಿಕೊಳ್ಳುತ್ತೇನೆ. ಅಷ್ಟರಲ್ಲಿ ಒಂದಕ್ಕೆ ಬೇರೆ ಮನೆ ಗೊತ್ತುಮಾಡು. ಊಟ, ಔಷಧಿಯ ಖರ್ಚು ತಿಂಗಳಿಗೊಮ್ಮೆ ಕಳುಹಿಸು.” ಕಾರಣ ವಿವರಿಸಬಾರದೆಂದು ತಾಕೀತು ಮಾಡಿದೆ. ನಮ್ಮ ಮನೆಗಳಲ್ಲಿ ಹೆಣ್ಣುಮಗಳು ಕಾರಣ ಕೊಟ್ಟರೆ ಆ ಕಾರಣಕ್ಕೆ ಪರಿಹಾರ ಹುಡುಕುತ್ತಾರೆಯೇ ಹೊರತು ಅವಳ ಮಾತನ್ನು ಒಪ್ಪುವುದಿಲ್ಲ.

ಅಣ್ಣ ಮುನಿಸಿಕೊಂಡ, ಸ್ವಲ್ಪ ಕಾಲ ಫೋನ್ ಮಾಡಲಿಲ್ಲ. ಆಮೇಲೆ ಹಣ ಬಂತು. ಗಂಡುನಾಯಿಯನ್ನು ಧಾರವಾಡದ ಅವನ ಗೆಳೆಯ ಕರೆದುಕೊಂಡು ಹೋದರು. ಹೆಣ್ಣನ್ನು ಶಾಂತಲಾ ಇಟ್ಟುಕೊಂಡಿದ್ದಾರೆ, ಈ ಸಲ ತಾವಾಗಿ ಕೇಳಿ. ಬೆಳಗಿನ ಓಟ ಈಗ ಗಂಡನ ಪಾಲಿಗೆ. ಕುದುರೆ ಬರಿಯ ಜೀನು ಹೊತ್ತು ಶಾಂತವಾಗಿ ನಡೆಯುತ್ತದೆ, ಮೇಲೆ ಇನ್ನೂ ಯಾರೂ ಕುಳಿತಿಲ್ಲ. ನಿದ್ರೆ ಪೂರ್ತಿಯಲ್ಲದಿದ್ದರೂ ಸುಧಾರಿಸಿದೆ. ಒಂದು ನಾಯಿ ಧಾರವಾಡಕ್ಕೆ ಹೋದ ವಿಷಯವನ್ನು ತಾಯಿಗೆ ಮಾತ್ರ ಇನ್ನೂ ಹೇಳಿಲ್ಲ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.