ಸಂಪಾದಕರ ಉತ್ತರ: ಬಡಿಸುವವರು ನಮ್ಮವರೇ ಇದ್ದರಲ್ಲ!

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರದೊಂದು ಓದುಗರ ಬಳಗ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಎಂ.ಎ. ಓದುವ ಇಬ್ಬರು ಹುಡುಗಿಯರು. ವರ್ಷಾ ವರ್ಷಾ ಜೆಸಿಬಿ ಸಾಹಿತ್ಯ ಬಹುಮಾನದ (ಇಂಗ್ಲಿಷಿನಲ್ಲಿ ಬರೆದ ಇಲ್ಲವೇ ಇಂಗ್ಲಿಷಿಗೆ ಅನುವಾದವಾದ ಭಾರತೀಯ ಕಾದಂಬರಿಗೆ ಕೊಡುತ್ತಿದ್ದದ್ದು) ಪಟ್ಟಿ ಬಂದ ಕೂಡಲೇ ಪುಸ್ತಕ ತರಿಸಿ, ಹಂಚಿಕೊಂಡು ಓದಿ, ಯಾವುದು ಗೆಲ್ಲಬೇಕು ಎಂದು ಜಗಳ ಆಡುತ್ತಿದ್ದರಂತೆ. ಅವರು ಕೇಳುವುದು ಇಷ್ಟು: ಮಲಯಾಳಕ್ಕೆ ಮೂರು ಸಲ ಒಲಿದ ಬಹುಮಾನ ಕನ್ನಡಕ್ಕೆ ಒಂದು ಸಲವೂ ಬರಲಿಲ್ಲ, ಇದರ ಹಿಂದೆ ಏನೋ ಇದೆ ಅಲ್ವಾ? ನಾವು ಆರಿಸಿದ ಪುಸ್ತಕ ಸಾಮಾನ್ಯವಾಗಿ ಸೋಲುತ್ತದೆ, ತಪ್ಪು ನಮ್ಮದೋ ತೀರ್ಪುಗಾರರದೋ? ಈಗ ಬಹುಮಾನವೇ ನಿಂತುಹೋಗಿದೆ, ಬಳಗ ಏನು ಮಾಡಬೇಕು?

ನಮಸ್ಕಾರ.

ನಿಮ್ಮ ಕಾಗದದಲ್ಲಿ ನನಗೆ ತುಂಬ ಹಿಡಿಸಿದ್ದು 2022ರ ಜಗಳದ ವರ್ಣನೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಆ ವರ್ಷ ಕೊನೆಯ ಸುತ್ತಿಗೆ ಬಂದ ಐದೂ ಕಾದಂಬರಿಗಳು ಅನುವಾದಗಳು. ಉರ್ದು, ಹಿಂದಿ, ಬಂಗಾಳಿ, ನೇಪಾಳಿ, ಮಲಯಾಳಂ. ಹಿಂದಿಯಿಂದ ಬಂದದ್ದು ಗೀತಾಂಜಲಿ ಶ್ರೀ ಅವರ ‘ಟೂಂಬ್ ಆಫ್ ಸ್ಯಾಂಡ್’. ಅದೇ ವರ್ಷ ಮೇ ತಿಂಗಳಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಿತ್ತು. ಲಂಡನ್ನಿನಲ್ಲೇ ಗೆದ್ದ ಪುಸ್ತಕ ದೆಹಲಿಯಲ್ಲಿ ಸೋಲುತ್ತದೆಯೇ ಎಂದು ನಿಮ್ಮಲ್ಲಿ ಹೆಚ್ಚಿನವರು ನಂಬಿದ್ದಿರಿ. ಗೆದ್ದದ್ದು ಖಾಲಿದ್ ಜಾವೇದ್ ಅವರ ಉರ್ದು ಕಾದಂಬರಿ, ಬಾರಾನ್ ಫಾರೂಕಿ ಅನುವಾದಿಸಿದ ‘ದಿ ಪ್ಯಾರಡೈಸ್ ಆಫ್ ಫುಡ್’.

ನಿಮ್ಮ ಮೇಷ್ಟ್ರು ‘ಇದನ್ನು ಓದಿದ ಮೇಲೆ ಎರಡು ದಿನ ಅಡುಗೆಮನೆ ಕಡೆ ಹೋಗಲು ಮನಸ್ಸಾಗಲಿಲ್ಲ’ ಎಂದು ಸಿಟ್ಟಾದರಂತೆ. ಮೇಷ್ಟ್ರು ಸರಿಯಾಗಿಯೇ ಓದಿದ್ದಾರೆ! ಒಂದು ಮಧ್ಯಮ ವರ್ಗದ ಮುಸ್ಲಿಂ ಕೂಡುಕುಟುಂಬದ ಸುಮಾರು ಐವತ್ತು ವರ್ಷದ ಕಥೆ ಅದು. ಊಟ ತಿಂಡಿಯ ಪುಸ್ತಕ ಅಂದರೆ ಘಮಘಮ ಅನ್ನುತ್ತದೆ ಎಂದುಕೊಂಡು ಒಳಗೆ ಹೋದವರಿಗೆ ಇಲ್ಲಿ ಎದುರಾಗುವುದು ಚಾಕು, ಬೆಂಕಿ, ಹೊಲಸು, ಹಸಿವು. ಮನೆಯ ಅತಿ ಅಪಾಯದ ಜಾಗ ಅಂದರೆ ಅಡುಗೆಮನೆ ಎಂದು ಆ ಕಾದಂಬರಿ ಹಟ ಹಿಡಿದು ಹೇಳುತ್ತದೆ. ನನಗೂ ಅದನ್ನು ಒಂದೇ ಸಲಕ್ಕೆ ಓದಿ ಮುಗಿಸಲು ಆಗಲಿಲ್ಲ. ಆದರೆ ಬೂಕರ್ ಬಂದ ಪುಸ್ತಕವನ್ನು ಬದಿಗಿಟ್ಟು ಇದನ್ನು ಆರಿಸಿದ ತೀರ್ಪುಗಾರರ ಬೆನ್ನುಮೂಳೆ ಗಟ್ಟಿ ಇತ್ತು ಅನ್ನಿಸಿತು. ನಿಮ್ಮ ಬಳಗಕ್ಕೆ ಬೇರೆ ಪುಸ್ತಕ ಇಷ್ಟವಾಯಿತು ಅಂದರೆ ಅದರಲ್ಲಿ ತಪ್ಪೇನಿದೆ? ಆ ಕೋಣೆಯಲ್ಲಿ ಕೂತವರೂ ನಾಲ್ಕೈದು ಜನ ಓದುಗರೇ. ಅವರಿಗೆ ಸಂಭಾವನೆ ಸಿಗುತ್ತದೆ, ನಿಮಗೆ ಚಹಾ.

ಈಗ ಕನ್ನಡದ ವಿಷಯ. ‘ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಚಿಂತೆ ಇಲ್ಲ’ ಅನ್ನುತ್ತಾರಲ್ಲ, ಇಲ್ಲಿ ಅದನ್ನು ಸ್ವಲ್ಪ ಪರೀಕ್ಷೆ ಮಾಡಿ ನೋಡೋಣ. 2018ರಲ್ಲಿ, ಮೊದಲ ವರ್ಷವೇ, ತೀರ್ಪುಗಾರರ ಸಾಲಿನಲ್ಲಿ ‘ಘಾಚರ್ ಘೋಚರ್’ ಬರೆದ ವಿವೇಕ ಶಾನಭಾಗ ಇದ್ದರು. 2020ರಲ್ಲಿ ಸಮಿತಿಯ ಅಧ್ಯಕ್ಷರು ತೇಜಸ್ವಿನಿ ನಿರಂಜನ, ಜಯಂತ ಕಾಯ್ಕಿಣಿ ಅವರ ಕಥೆಗಳನ್ನು ಇಂಗ್ಲಿಷಿಗೆ ತಂದವರು. 2023ರಲ್ಲಿ ಅಧ್ಯಕ್ಷರು ಶ್ರೀನಾಥ್ ಪೆರೂರ್, ಅದೇ ‘ಘಾಚರ್ ಘೋಚರ್’ ಅನ್ನು ಇಂಗ್ಲಿಷಿಗೆ ಅನುವಾದಿಸಿದವರು. ಏಳು ವರ್ಷದಲ್ಲಿ ಮೂರು ಸಲ ಸೌಟು ನಮ್ಮವರ ಕೈಯಲ್ಲಿತ್ತು. ಆ ಮೂರೂ ಸಲ ಬಹುಮಾನ ಹೋದದ್ದು ಮಲಯಾಳಂ, ಮಲಯಾಳಂ, ತಮಿಳಿಗೆ. ಪಿತೂರಿ ಅನ್ನುವವರು ಇದಕ್ಕೆ ಏನು ಹೇಳುತ್ತಾರೋ ಗೊತ್ತಿಲ್ಲ. ನನಗಂತೂ ಹೆಮ್ಮೆಯೇ ಆಯಿತು.

ಹಾಗಾದರೆ ಅಡ್ಡಿ ಎಲ್ಲಿ? ನಿಯಮದಲ್ಲೇ ಸ್ವಲ್ಪ ಇತ್ತು. ಈ ಬಹುಮಾನ ಕಾದಂಬರಿಗೆ ಮಾತ್ರ ಇತ್ತು. ಇಂಗ್ಲಿಷಿನಲ್ಲಿ ಬರೆದದ್ದಾಗಿರಬೇಕಿತ್ತು, ಇಲ್ಲವೇ ಭಾರತದ ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದಾಗಿರಬೇಕಿತ್ತು. ಪ್ರಕಾಶಕರೇ ಕಳಿಸಬೇಕಿತ್ತು. ಈಗ ಕನ್ನಡ ಹೊರಗಡೆ ಗೆದ್ದದ್ದನ್ನು ನೆನಪಿಸಿಕೊಳ್ಳಿ. ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ದಕ್ಷಿಣ ಏಷ್ಯಾ ಸಾಹಿತ್ಯದ 2018ರ ಡಿಎಸ್‌ಸಿ ಬಹುಮಾನ ಬಂತು. ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಎರಡೂ ಕಥಾಸಂಕಲನ! ಕಥಾಸಂಕಲನವೊಂದು ಆ ಬೂಕರ್ ಗೆದ್ದದ್ದೇ ಅದು ಮೊದಲ ಸಲ. ಜೆಸಿಬಿಯ ಬಾಗಿಲಲ್ಲಿ ಈ ಎರಡು ಪುಸ್ತಕಗಳಿಗೂ ಪ್ರವೇಶವಿರಲಿಲ್ಲ. ‘ಘಾಚರ್ ಘೋಚರ್’ ಒಂದು ಒಳ್ಳೆಯ ಅಭ್ಯರ್ಥಿ ಆಗಬಹುದಿತ್ತು, ಆದರೆ ಅದು ಇಂಗ್ಲಿಷಿಗೆ ಬಂದಾಗ ಈ ಬಹುಮಾನವೇ ಹುಟ್ಟಿರಲಿಲ್ಲ. ಸಣ್ಣಕಥೆ ನಮ್ಮ ಗಟ್ಟಿ ಪ್ರಕಾರ ಎಂದು ನಾನು ಮೊದಲಿಂದಲೂ ವಾದಿಸುವವನು. ಸಣ್ಣಕಥೆಗೆ ಜಾಗ ಇಲ್ಲದ ಸ್ಪರ್ಧೆಯಲ್ಲಿ ನಾವು ಕಾಣಿಸಿಕೊಳ್ಳುವುದು ಕಷ್ಟ.

ಇನ್ನೊಂದು ಕಾರಣ ಅನುವಾದದ ವೇಗ. ಎಸ್. ಹರೀಶ್ ಅವರ ಮಲಯಾಳಂ ಕಾದಂಬರಿ ‘ಮೀಶ’ (ಮೀಸೆ) ನೋಡಿ. 2018ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಲೇಖಕರಿಗೆ ಬೆದರಿಕೆ ಬಂತು, ಧಾರಾವಾಹಿ ಅರ್ಧಕ್ಕೇ ನಿಂತಿತು. ಅದೇ ವರ್ಷ ಪುಸ್ತಕವಾಯಿತು. ನಿಷೇಧಿಸಬೇಕು ಎಂಬ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 2020ಕ್ಕೆ ಜಯಶ್ರೀ ಕಳತ್ತಿಲ್ ಅವರ ಇಂಗ್ಲಿಷ್ ಅನುವಾದ ಸಿದ್ಧ, ಅದೇ ವರ್ಷ ಬಹುಮಾನ. ಕೇರಳದ ಕುಟ್ಟನಾಡಿನ ದಲಿತನೊಬ್ಬ ನಾಟಕದಲ್ಲಿ ಪೊಲೀಸ್ ಪಾತ್ರಕ್ಕೆ ಮೀಸೆ ಬಿಡುತ್ತಾನೆ, ನಾಟಕ ಮುಗಿದ ಮೇಲೂ ಬೋಳಿಸಲು ಒಪ್ಪುವುದಿಲ್ಲ. ಮೇಲ್ಜಾತಿಯವರ ನಿದ್ದೆ ಕೆಡುತ್ತದೆ. ಮೀಸೆಯ ಸುತ್ತ ದಂತಕಥೆಗಳು ಬೆಳೆಯುತ್ತವೆ. ಇಷ್ಟೇ ಎಳೆ, ಅದರ ಮೇಲೆ ಇಡೀ ಕೆಸರುಗದ್ದೆಯ ಲೋಕ. ನಮ್ಮ ಕಡೆ? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದ್ದು. ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ ಪೆಂಗ್ವಿನ್‌ನಿಂದ ಹೊರಬಂದದ್ದು 2024ರಲ್ಲಿ. ಎರಡೂ ಬೇರೆ ಬೇರೆ ಅಳತೆಯ ಕೃತಿಗಳು, ಹೋಲಿಕೆ ಸ್ವಲ್ಪ ಅನ್ಯಾಯವೇ. ಆದರೂ ನಮ್ಮಲ್ಲಿ ಒಳ್ಳೆಯ ಕಾದಂಬರಿ ಬಂದ ಮರುವರ್ಷವೇ ಅದರ ಅನುವಾದಕ್ಕೆ ಯಾರಾದರೂ ಕೂತರು ಎಂಬ ಸುದ್ದಿ ಅಪರೂಪ. ಅನುವಾದಕರಿಗೆ ಕೈತುಂಬ ದುಡ್ಡು ಕೊಡುವ ರೂಢಿಯೂ ಇಲ್ಲ. ಜೆಸಿಬಿಯಲ್ಲಿ ಲೇಖಕರಿಗೆ 25 ಲಕ್ಷ ಬಂದರೆ ಅನುವಾದಕರಿಗೆ ಬೇರೆಯಾಗಿ ಮೊದಲು 5 ಲಕ್ಷ, ಆಮೇಲೆ 10 ಲಕ್ಷ ಸಿಗುತ್ತಿತ್ತು. ಗೆದ್ದ ಏಳರಲ್ಲಿ ಐದು ಅನುವಾದಗಳೇ ಆಗಿದ್ದವು.

ಅಂದಹಾಗೆ 2019ರಲ್ಲಿ ಗೆದ್ದ ಮಾಧುರಿ ವಿಜಯ್ ಬೆಂಗಳೂರಿನವರು. ಅವರ ‘ದಿ ಫಾರ್ ಫೀಲ್ಡ್’ನ ನಾಯಕಿ ಬೆಂಗಳೂರಿನಿಂದ ಕಾಶ್ಮೀರಕ್ಕೆ ಹೋಗುತ್ತಾಳೆ. ಇಂಗ್ಲಿಷ್ ಕಾದಂಬರಿ ಎಂದು ನಿಮ್ಮ ಬಳಗ ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಕರ್ನಾಟಕಕ್ಕೆ ಬರಲೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ.

ಕಂಪನಿಯ ಬಗ್ಗೆ ಎರಡು ಮಾತು. ನಮ್ಮೂರುಗಳಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರಗಳಿಗೆಲ್ಲ ಯಾವ ಹೆಸರಿದೆಯೋ ಅದೇ ಕಂಪನಿ. ಭಾರತದಲ್ಲೂ ಪ್ಯಾಲೆಸ್ಟೀನಿನಲ್ಲೂ ಮನೆ ಕೆಡವಲು ಅದರ ಯಂತ್ರಗಳು ಬಳಕೆಯಾಗುತ್ತಿವೆ, ಇಂಥವರು ಸಾಹಿತ್ಯಕ್ಕೆ ಬಹುಮಾನ ಕೊಡುವುದು ಬೂಟಾಟಿಕೆ ಎಂದು 2024ರಲ್ಲಿ ನೂರಕ್ಕೂ ಹೆಚ್ಚು ಲೇಖಕರು ಬಹಿರಂಗ ಪತ್ರ ಬರೆದರು. ಆ ವರ್ಷ ಉಪಮನ್ಯು ಚಟರ್ಜಿ ಗೆದ್ದರು, ಆಮೇಲೆ ಬಹುಮಾನ ಬಂದಿಲ್ಲ. ‘ನಾವು ಹಿಂಬಾಲಿಸಿದ್ದೇ ತಪ್ಪಾಯಿತೇ’ ಎಂದು ಕೇಳಿದ್ದೀರಿ. ಲೇಖಕರ ಪ್ರಶ್ನೆ ನ್ಯಾಯವಾದದ್ದು, ಹೊಸದೂ ಅಲ್ಲ. 1972ರಲ್ಲಿ ಬೂಕರ್ ಗೆದ್ದ ಜಾನ್ ಬರ್ಜರ್, ಬಹುಮಾನ ಕೊಡುವ ಬೂಕರ್ ಕಂಪನಿ ಕೆರಿಬಿಯನ್ ಕಬ್ಬಿನ ತೋಟಗಳಿಂದ ದುಡ್ಡು ಮಾಡಿದ್ದು ಎಂದು ಹೇಳಿ ಅರ್ಧ ಹಣವನ್ನು ಕಪ್ಪುಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಚಳವಳಿಗೆ ಕೊಟ್ಟರು. ಲೈಬ್ರರಿಯಿಂದಲೋ ಅಂಗಡಿಯಿಂದಲೋ ಪುಸ್ತಕ ತಂದು ಓದಿದ ನೀವು ಯಾಕೆ ತಲೆ ತಗ್ಗಿಸಬೇಕು? ಪುಸ್ತಕಗಳು ಕಂಪನಿಯವಲ್ಲ.

ಈ ಬಹುಮಾನದಿಂದ ಓದುಗರಿಗೆ ಸಿಕ್ಕ ಲಾಭ 25 ಲಕ್ಷದ್ದಲ್ಲ ಸ್ವಾಮಿ. ಮೊದಲು ಹತ್ತು ಪುಸ್ತಕದ ಪಟ್ಟಿ ಬರುತ್ತಿತ್ತು, ಆಮೇಲೆ ಐದರದ್ದು, ಕೊನೆಗೆ ಒಂದು. ನಡುವೆ ಓದಲು ಕೆಲವು ವಾರ ಬಿಡುವು. ಆ ಬಿಡುವಿನಲ್ಲೇ ನಿಮ್ಮ ಬಳಗ ಹುಟ್ಟಿದ್ದು, ಬೆಳೆದದ್ದು. ಸಾಹಿತ್ಯ ಅಕಾಡೆಮಿ 24 ಭಾಷೆಗಳಿಗೆ ಪ್ರಶಸ್ತಿ ಕೊಡುತ್ತದೆ, ಅದರ ಘನತೆಯೇ ಬೇರೆ. ಆದರೆ ಪೇಪರಿನಲ್ಲಿ ನಮಗೆ ಸಿಗುವುದು ಗೆದ್ದವರ ಹೆಸರು. ಆಗ ಓದುಗ ಮಾಡುವುದು ಎರಡೇ ಕೆಲಸ: ಸಂತೋಷ ಪಡುವುದು, ಇಲ್ಲವೇ ‘ಇವರಿಗಾ?’ ಅನ್ನುವುದು. ಪುಸ್ತಕ ಓದಿ ಹೇಳುವವರು ಕಡಿಮೆ. ಪಟ್ಟಿ ಮೊದಲೇ ಗೊತ್ತಿದ್ದರೆ ಮಾತಿಗೆ ತೂಕ ಬರುತ್ತದೆ. 2023ರಲ್ಲಿ ಗೆದ್ದ ಪೆರುಮಾಳ್ ಮುರುಗನ್ ಅವರ ತಮಿಳು ಕಾದಂಬರಿ ‘ಫೈರ್ ಬರ್ಡ್’ ಬಗ್ಗೆ ನಿಮ್ಮ ಬ್ಯಾಂಕಿನ ಗೆಳೆಯರು ಹೇಳಿದ್ದನ್ನು ಬರೆದಿದ್ದೀರಲ್ಲ, ‘ಜಮೀನು ಪಾಲಾದ ಮೇಲೆ ಗಾಡಿ ಕಟ್ಟಿಕೊಂಡು ಬೇರೆ ನೆಲ ಹುಡುಕಿ ಹೊರಟ ಮುತ್ತು ನಮ್ಮ ಚಿಕ್ಕಪ್ಪನ ಥರ’ ಎಂದು. ಗೆದ್ದ ಸುದ್ದಿ ಬರುವ ಮೊದಲೇ ಓದಿ ಹೇಳಿದ ಮಾತು ಅದು. ಅದಕ್ಕೇ ನನಗೆ ಅದರ ಮೇಲೆ ಗೌರವ ಜಾಸ್ತಿ.

ಫ್ರಾನ್ಸಿನವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಅಲ್ಲಿಯ ಗೊಂಕೂರ್ ಬಹುಮಾನದ ಮೊತ್ತ ಬರೀ 10 ಯೂರೋ. ಹತ್ತು ಸದಸ್ಯರು ಪ್ಯಾರಿಸ್ಸಿನ ಡ್ರೂಆಂ ಎಂಬ ಹೋಟೆಲಿನಲ್ಲಿ ಊಟಕ್ಕೆ ಸೇರಿ ತೀರ್ಮಾನ ಮಾಡುತ್ತಾರೆ. 1988ರಿಂದ ಅದರ ಪಕ್ಕದಲ್ಲಿ ಇನ್ನೊಂದು ನಡೆಯುತ್ತಿದೆ. ಸುಮಾರು ಎರಡು ಸಾವಿರ ಹೈಸ್ಕೂಲು ಮಕ್ಕಳು ಗೊಂಕೂರಿನ ಮೊದಲ ಪಟ್ಟಿಯ ಕಾದಂಬರಿಗಳನ್ನೇ ಸುಮಾರು ಎರಡು ತಿಂಗಳಲ್ಲಿ ಓದಿ, ತರಗತಿಯಲ್ಲಿ ವಾದ ಮಾಡಿ, ತಮ್ಮದೇ ಒಂದನ್ನು ಆರಿಸುತ್ತಾರೆ. ಎಷ್ಟೋ ಸಲ ದೊಡ್ಡವರದೇ ಬೇರೆ, ಮಕ್ಕಳದೇ ಬೇರೆ. ಮಕ್ಕಳು ಆರಿಸಿದ್ದನ್ನೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ನೀವೂ ಮಾಡಿ. ಕಳೆದ ವರ್ಷ ಬಂದ ಕನ್ನಡ ಕಾದಂಬರಿಗಳಿಂದ ಹತ್ತನ್ನು ನೀವೇ ಆರಿಸಿ. ಬಳಗದಲ್ಲಿ ಯಾರಾದರೂ ಲೇಖಕರ ನೆಂಟರೋ ಶಿಷ್ಯರೋ ಇದ್ದರೆ ಆ ಪುಸ್ತಕದ ಹೊತ್ತಿಗೆ ಅವರು ಸುಮ್ನೆ ಕೂರಲಿ. ದಾವಣಗೆರೆಯ ಹೆಸರನ್ನೇ ಆರಿಸಬೇಕೆಂಬ ಹಟ ಬೇಡ. ಐದಕ್ಕೆ ಇಳಿಸುವ ಮೊದಲು ಬಿಟ್ಟ ಐದಕ್ಕೂ ಕಾರಣ ಬರೆದಿಡಿ, ಆರಿಸಿದ್ದಕ್ಕಿಂತ ಕೈಬಿಟ್ಟದ್ದರ ಕಾರಣ ಓದುವುದು ನನಗೆ ಇಷ್ಟ. ಕಥಾಸಂಕಲನಗಳನ್ನೂ ಸೇರಿಸಿಕೊಳ್ಳಿ, ಜೆಸಿಬಿ ಮಾಡಿದ ತಪ್ಪನ್ನು ನಾವು ಮಾಡುವುದು ಬೇಡ.

ಐದು ಪುಸ್ತಕಗಳ ಪಟ್ಟಿ ಮತ್ತು ಒಂದೊಂದಕ್ಕೆ ಒಂದು ಪುಟ ಮೀರದ ಟಿಪ್ಪಣಿ ನಮಗೆ ಕಳಿಸಿ. ಮೇಷ್ಟ್ರದ್ದೂ ಎಂ.ಎ. ಹುಡುಗಿಯರದ್ದೂ ಬೇರೆ ಬೇರೆ ಬರಲಿ, ರಾಜಿ ಮಾಡಿಸಿ ಕಳಿಸಬೇಡಿ. ಅಕ್ಕಪಕ್ಕದ ಪುಟದಲ್ಲಿ ಹಾಗೇ ಹಾಕುತ್ತೇವೆ. ಕಾಗುಣಿತ ತಿದ್ದುತ್ತೇವೆ, ಜಗಳ ತಿದ್ದುವುದಿಲ್ಲ.

– ಸಂಪಾದಕ