ಕಾಫಿ ಬೇಕೇ ಎಂದರೆ ‘ಫೈನ್’ ಎಂದರು

ಪ್ರಶ್ನೆ: ದಾವಣಗೆರೆಯ ಚೌಕಿಪೇಟೆಯಲ್ಲಿ ನನ್ನದೊಂದು ಜವಳಿ ಅಂಗಡಿಯಿದೆ. ಹೊರರಾಜ್ಯದಿಂದ ಬಂದಿದ್ದ ವ್ಯಾಪಾರಿಯೊಬ್ಬರಿಗೆ ಇನ್ನೊಂದು ಕಾಫಿ ತರಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಅವರು ‘ಐ ಆ್ಯಮ್ ಫೈನ್’ ಎಂದರು. ಒಪ್ಪಿದರೆಂದು ತಿಳಿದು ತರಿಸಿದೆ. ಅವರು ಲೋಟ ಮುಟ್ಟಲೇ ಇಲ್ಲ. ನೂಲಿಗೂ ಫೈನ್, ಪೊಲೀಸರು ಹಾಕುವ ದಂಡಕ್ಕೂ ಫೈನ್. ಈ ಪದದ ಅರ್ಥವಾದರೂ ಏನು?

ಉತ್ತರ: ನಿಮ್ಮ ಅತಿಥಿ ಬೇಡವೆಂದೇ ಹೇಳಿದ್ದರು. ಏನಾದರೂ ಬೇಕೇ ಎಂದು ಕೇಳಿದಾಗ ಬರುವ ‘ಐ ಆ್ಯಮ್ ಫೈನ್’ ಎಂಬ ಮಾತಿಗೆ ‘ನನಗೆ ಸಾಕು’ ಎಂದರ್ಥ. ಪಂಕ್ತಿಯಲ್ಲಿ ಕುಳಿತವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಂತೆ. ‘ದಟ್ಸ್ ಫೈನ್’ ಎಂದಿದ್ದರೆ ‘ಆಗಬಹುದು’ ಎಂದಾಗುತ್ತಿತ್ತು.

ಈ ಪದದ ಬೇರು ಲ್ಯಾಟಿನ್ನಿನ ‘ಫಿನಿಸ್’, ಅಂದರೆ ಕೊನೆ ಅಥವಾ ಎಲ್ಲೆ. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಾಗ, ಕೊನೆಯ ಹಂತ ಮುಟ್ಟಿದ್ದು, ಇನ್ನು ತಿದ್ದಲು ಏನೂ ಉಳಿಯದಷ್ಟು ಹದಗೊಂಡದ್ದು ಎಂಬ ಅರ್ಥವನ್ನು ಪಡೆದಿತ್ತು. ಕಲ್ಮಶ ಕಳೆದ ಚಿನ್ನಕ್ಕೆ ಈ ವಿಶೇಷಣ ಸಂದದ್ದು ಹೀಗೆ. 22 ಕ್ಯಾರೆಟ್ ಒಡವೆಯ ಮೇಲಿನ 916 ಎಂಬ ಅಂಕಿ, 1000 ಪಾಲಿನಲ್ಲಿ 916 ಪಾಲು ಚಿನ್ನವೆಂದು ತಿಳಿಸುತ್ತದೆ. ಈ ಅಳತೆಯ ಹೆಸರೇ ‘ಫೈನ್‌ನೆಸ್’. ದಂಡವೂ ಅದೇ ಬೇರಿನದು: ವ್ಯಾಜ್ಯವನ್ನು ಕೊನೆಗಾಣಿಸಲು ಕಟ್ಟುತ್ತಿದ್ದ ಹಣ ಅದು. ಆದರೆ ಅಲ್ಲಿ ಫೈನ್ ನಾಮಪದ.

ಇನ್ನು ನೂಲು. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರಾದ ನಿಮಗೆ ಕೌಂಟಿನ ಲೆಕ್ಕ ಹೊಸದಲ್ಲ. ಒಂದು ಪೌಂಡ್ ಹತ್ತಿನೂಲಿನಲ್ಲಿ 840 ಗಜದ ಎಷ್ಟು ಲಡಿಗಳಿವೆಯೋ ಅಷ್ಟು ಅದರ ಕೌಂಟ್. ಆದ್ದರಿಂದ 40ಕ್ಕಿಂತ 80ರ ನೂಲು ತೆಳುವಾಗಿರುತ್ತದೆ, ಅದೇ ಹೆಚ್ಚು ಫೈನ್. ಇಲ್ಲಿ ತೆಳುವಾದದ್ದು ಮೇಲ್ದರ್ಜೆಯದೂ ಹೌದೆಂಬ ಭಾವನೆ ಸೇರಿಕೊಂಡಿದೆ. ನಮ್ಮ ‘ಸಣ್ಣ’ ಎಂಬ ಪದವೂ ಇಂಥದೇ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ: ‘ಸಣ್ಣಕ್ಕಿ’ ಎಂದಾಗ ಕಾಳಿನ ಗಾತ್ರವನ್ನಷ್ಟೇ ಹೇಳುವುದಿಲ್ಲ, ಹಬ್ಬದ ಅಡುಗೆಗೆ ಯೋಗ್ಯವಾದದ್ದು ಎಂಬ ಮೆಚ್ಚುಗೆಯೂ ಅದರಲ್ಲಿರುತ್ತದೆ. ಆದರೆ ಮೆಚ್ಚುಗೆ ಎಲ್ಲೆಡೆ ಬರುವುದಿಲ್ಲ. ‘ಫೈನ್ ಡಸ್ಟ್’ ಎಂದರೆ ಉಸಿರಿನೊಡನೆ ಶ್ವಾಸಕೋಶಕ್ಕಿಳಿಯುವ ಸಣ್ಣ ಧೂಳು. ಅದನ್ನು ‘ಉತ್ತಮ ಧೂಳು’ ಎಂದು ಅನುವಾದಿಸುವಂತಿಲ್ಲ. ರುಬ್ಬುವಾಗ ಇಂಗ್ಲಿಷಿನವರು ‘ಫೈನ್’ ಎನ್ನುವಲ್ಲಿ ನಾವು ‘ನೈಸಾಗಿ ರುಬ್ಬು’ ಎಂದು ಇಂಗ್ಲಿಷಿನದೇ ಇನ್ನೊಂದು ವಿಶೇಷಣವನ್ನು ಬಳಸುತ್ತೇವೆ.

ಹವೆಯ ವಿಷಯದಲ್ಲಿ ಈ ಪದಕ್ಕೆ ಮಳೆಯಿಲ್ಲದೆ ತಿಳಿಯಾಗಿರುವುದು ಎಂದರ್ಥ. ಮೆಕ್ಕೆಜೋಳ ಬಿತ್ತಿ ಮೋಡ ನೋಡುತ್ತಿರುವ ನಮ್ಮ ಜಿಲ್ಲೆಯ ರೈತರಿಗೆ ಅಂಥ ದಿನವನ್ನು ‘ಒಳ್ಳೆಯ ಹವೆ’ ಎಂದು ಅನುವಾದಿಸಿ ಹೇಳಿದರೆ ಅರ್ಥ ತಿರುವುಮುರುವಾಗುತ್ತದೆ; ‘ಬಿಸಿಲು ಬಿದ್ದಿದೆ’ ಎನ್ನುವುದೇ ಸರಿ.