ಎಲೆಕ್ಟ್ರಿಕ್ ಬರುವಾಗ ಹೊಸ ಪೆಟ್ರೋಲ್ ಬೈಕ್ ಯಾಕೆ? ಬ್ರಹ್ಮಾವರದ ಓದುಗರಿಗೆ ಉತ್ತರ

ಓದುಗರ ಪತ್ರ: "ನನ್ನ ಮಗನಿಗೆ ಸುರತ್ಕಲ್ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ದಿನಾ ಬ್ರಹ್ಮಾವರದಿಂದ ಹೋಗಿ ಬರಬೇಕು. ಕಳೆದ ಸಂಚಿಕೆಯಲ್ಲಿ ನೀವು ಹೊಸ ಪೆಟ್ರೋಲ್ ಬೈಕ್‌ಗಳ ಬಗ್ಗೆ ಐದು ಪುಟ ಹಾಕಿದ್ದೀರಿ. ಅದನ್ನು ಓದಿ ಅವನು 350 ಸಿಸಿ ಬೈಕೇ ಬೇಕು ಎಂದು ಕೂತಿದ್ದಾನೆ. ಎಲೆಕ್ಟ್ರಿಕ್ ಬೈಕ್ ಬಾಗಿಲಿಗೆ ಬಂದಿರುವಾಗ ಕಂಪನಿಗಳು ಯಾಕೆ ಇನ್ನೂ ಪೆಟ್ರೋಲ್ ಬೈಕ್ ಬಿಡುತ್ತಿವೆ? ಐದು ವರ್ಷದಲ್ಲಿ ಗುಜರಿಗೆ ಹೋಗುವ ಗಾಡಿಗೆ ಎರಡು ಲಕ್ಷಕ್ಕಿಂತ ಜಾಸ್ತಿ ಸುರಿಯಬೇಕಾ? ಎಲೆಕ್ಟ್ರಿಕ್ ಅಂದರೆ ನಮ್ಮ ಎಲ್ಲೂರಿನ ಕಲ್ಲಿದ್ದಲು ಕರೆಂಟೇ ಅಲ್ಲವಾ ಎಂದು ಮಗ ವಾದಿಸುತ್ತಾನೆ. ಇದನ್ನೆಲ್ಲ ನಿಮ್ಮಂಥ ಪತ್ರಿಕೆ ಹೇಳಬೇಡವಾ?"

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ದೂರು ನ್ಯಾಯವಾದದ್ದು. ಆ ಐದು ಪುಟಗಳಲ್ಲಿ ನಾವು ಎಂಜಿನ್ ಬಗ್ಗೆ ಬರೆದೆವು, ಬಣ್ಣದ ಬಗ್ಗೆ ಬರೆದೆವು, ಬೆಲೆ ಹಾಕಿದೆವು. ದಿನಾ ನೂರು ಕಿಲೋಮೀಟರ್ ಓಡಿಸುವವರ ಜೇಬಿನ ಗತಿ ಏನು ಎಂದು ಒಂದು ಸಾಲೂ ಬರೆಯಲಿಲ್ಲ. ಅದನ್ನು ಈಗ ಬರೆಯುತ್ತೇನೆ.

ಮೊದಲು ಗುಜರಿಯ ಹೆದರಿಕೆ. ಅದನ್ನು ಬಿಟ್ಟುಬಿಡಿ. ನಮ್ಮಲ್ಲಿ ಬೈಕ್ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ಚೆನ್ನಾಗಿದ್ದರೆ ಆರ್‌ಟಿಒದಲ್ಲಿ ತೋರಿಸಿ ಐದೈದು ವರ್ಷ ಮುಂದುವರಿಸಬಹುದು. ಹಳೆಯ ಪೆಟ್ರೋಲ್ ಗಾಡಿ ಓಡಿಸಬಾರದು ಎಂಬ ಸುದ್ದಿ ನೀವು ಕೇಳಿದ್ದು ದೆಹಲಿಯದ್ದು, ಉಡುಪಿಯದ್ದಲ್ಲ. ಇನ್ನು ರಿಪೇರಿಯ ಮಾತು. ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಆ ಹಳೆಯ ಯೆಜ್ಡಿಗಳು ಇವತ್ತಿಗೂ ರಸ್ತೆಯಲ್ಲಿ ಸಿಗುತ್ತವೆ. ಅವನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳು ಇದ್ದಾರೆ. ಕಾರ್ಖಾನೆಯೇ ಇಲ್ಲದ ಬೈಕ್ ಇಷ್ಟು ವರ್ಷ ಬಾಳಿದೆ. ಇವತ್ತು ಲಕ್ಷಗಟ್ಟಲೆ ಮಾರಾಟವಾಗುವ ಬೈಕಿಗೆ ಐದು ವರ್ಷದಲ್ಲಿ ಬಿಡಿಭಾಗ ಸಿಗದೆ ಹೋಗುವುದಿಲ್ಲ.

ಹಾಗಾದರೆ ಕಂಪನಿಗಳು ಯಾಕೆ ಇನ್ನೂ ಪೆಟ್ರೋಲ್ ಬೈಕ್ ಬಿಡುತ್ತಿವೆ? 2020ರ ಏಪ್ರಿಲ್‌ನಲ್ಲಿ ಹೊಗೆಯ ಮಾಲಿನ್ಯ ಕಡಿಮೆ ಮಾಡುವ ಬಿಎಸ್6 ನಿಯಮ ಬಂತು. ಎಂಜಿನ್ನಿಗೆ ಪೆಟ್ರೋಲ್ ಕೊಡಲು ಬಹುತೇಕ ಬೈಕ್‌ಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಎಲ್ಲರೂ ದೊಡ್ಡ ಖರ್ಚು ಮಾಡಿ ಎಂಜಿನ್ ಬದಲಿಸಬೇಕಾಯಿತು. ಹಾಕಿದ ದುಡ್ಡು ವಾಪಸ್ ಬರಬೇಕಲ್ಲ? ರಾಯಲ್ ಎನ್‌ಫೀಲ್ಡ್ ನೋಡಿ. 349 ಸಿಸಿಯ ಒಂದೇ ಎಂಜಿನ್. ಅದರಲ್ಲೇ 2020ರಲ್ಲಿ ಮೀಟಿಯಾರ್, 2021ರಲ್ಲಿ ಹೊಸ ಕ್ಲಾಸಿಕ್, 2022ರಲ್ಲಿ ಹಂಟರ್, 2023ರಲ್ಲಿ ಹೊಸ ಬುಲೆಟ್. ಹಿಟ್ಟು ಒಂದೇ, ಒಂದು ದಿನ ದೋಸೆ, ಇನ್ನೊಂದು ದಿನ ಇಡ್ಲಿ. ಹೀಗೆ ಮಾಡಿದರೆ ಹೊಸ ಮಾಡೆಲ್ ತರುವುದು ಸುಲಭ. ಅದೇ ಕಂಪನಿ 2024ರ ನವೆಂಬರ್‌ನಲ್ಲಿ ಫ್ಲೈಯಿಂಗ್ ಫ್ಲೀ ಎಂಬ ಎಲೆಕ್ಟ್ರಿಕ್ ಬೈಕನ್ನೂ ತೋರಿಸಿತು. ಬಜಾಜ್ 2024ರ ಜುಲೈನಲ್ಲಿ ಸಿಎನ್‌ಜಿಯಲ್ಲಿ ಓಡುವ ಬೈಕನ್ನೇ ತಂದಿತು. ಗಾಳಿ ಯಾವ ಕಡೆ ಬೀಸುತ್ತದೆ ಎಂದು ಯಾರಿಗೂ ಖಚಿತ ಇಲ್ಲ. ಅದಕ್ಕೇ ಎಲ್ಲ ದೋಣಿಗಳನ್ನೂ ನೀರಿಗೆ ಇಳಿಸಿದ್ದಾರೆ.

ತೆರಿಗೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ 40. ಎಲೆಕ್ಟ್ರಿಕ್‌ಗೆ 2019ರಿಂದಲೇ 5 ಇತ್ತು, ಈಗಲೂ ಅಷ್ಟೇ.

ಒಂದು ವ್ಯತ್ಯಾಸ ಮಾತ್ರ ಮಗನಿಗೆ ಬಿಡಿಸಿ ಹೇಳಿ. ಎಲೆಕ್ಟ್ರಿಕ್ ಸ್ಕೂಟರ್ ಬೇರೆ, ಎಲೆಕ್ಟ್ರಿಕ್ ಬೈಕ್ ಬೇರೆ. ಸ್ಕೂಟರ್‌ನಲ್ಲಿ ಕಾಲಿಡುವ ಹಲಗೆಯ ಕೆಳಗೆ ಬ್ಯಾಟರಿ ಇಡಲು ಜಾಗ ಇದೆ. ಊರೊಳಗಿನ ಓಡಾಟಕ್ಕೆ ಮೂರು, ನಾಲ್ಕು ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿ ಸಾಕು. ಅದು ಬಂದಾಗಿದೆ, ಗೆದ್ದಾಗಿದೆ. ಉಡುಪಿಯ ಕಲ್ಸಂಕದಲ್ಲಿ ಹತ್ತು ನಿಮಿಷ ನಿಂತು ನೋಡಿದರೂ ಸಾಕು. ಹೈವೇಯಲ್ಲಿ ಓಡುವ ಬೈಕ್ ಹಾಗಲ್ಲ. 13 ಲೀಟರ್ ಟ್ಯಾಂಕಿನ ಪೆಟ್ರೋಲ್‌ನಲ್ಲಿ ಸುಮಾರು 115 ಯೂನಿಟ್‌ನಷ್ಟು ಶಕ್ತಿ ಇದೆ. ಎಂಜಿನ್ ಅದರ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಕಳೆಯುತ್ತದೆ ನಿಜ. ಉಳಿದ ಕಾಲು ಪಾಲೇ ಸುಮಾರು 29 ಯೂನಿಟ್. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿಯ ಎಲೆಕ್ಟ್ರಿಕ್ ಬೈಕ್ ಎಫ್77ನ ದೊಡ್ಡ ಬ್ಯಾಟರಿ 10.3 ಯೂನಿಟ್‌ನದ್ದು. ಅಷ್ಟಕ್ಕೇ ಗಾಡಿ 200 ಕೆಜಿ ಆಸುಪಾಸು ತೂಗುತ್ತದೆ, ಬೆಲೆ ನಾಲ್ಕು ಲಕ್ಷದ ಹತ್ತಿರ. ಒಳ್ಳೆಯ ಬೈಕ್ ಅದು, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಕೆಲಸಕ್ಕೆ ಹೋಗಿ ಬರುವ ಹುಡುಗನ ಬೈಕ್ ಅಲ್ಲ.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. ಬ್ರಹ್ಮಾವರದಿಂದ ಸುರತ್ಕಲ್‌ಗೆ ಹೋಗಿ ಬರುವುದಕ್ಕೆ 110 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. 350 ಸಿಸಿ ಬೈಕ್ ಲೀಟರಿಗೆ 35 ಕೊಟ್ಟರೆ ದಿನಕ್ಕೆ ಮೂರು ಲೀಟರ್ ದಾಟುತ್ತದೆ. ಪೆಟ್ರೋಲ್ ನೂರು ರೂಪಾಯಿ ದಾಟಿ ಎಷ್ಟೋ ಕಾಲವಾಯಿತು. ದಿನಕ್ಕೆ 320 ರೂಪಾಯಿ, 25 ದಿನಕ್ಕೆ 8,000. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಸಂಬಳದಲ್ಲಿ ಇದು ಸಣ್ಣ ಮೊತ್ತ ಅಲ್ಲ. ಮೇಲೆ ಬೈಕ್ ಸಾಲದ ಕಂತು ಬೇರೆ.

ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಅದೇ ದೂರಕ್ಕೆ ಐದು ಯೂನಿಟ್ ಬೇಕಾಗಬಹುದು. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ 35 ರೂಪಾಯಿ. ಕೇಳಲು ಆಸೆಯಾಗುತ್ತದೆ, ಅಲ್ವಾ? ಆದರೆ ಮೂರು ತೊಡಕು ಇದೆ. ನಾಲ್ಕು ಯೂನಿಟ್‌ನ ಬ್ಯಾಟರಿ ಹೈವೇ ವೇಗದಲ್ಲಿ 110 ಕಿಲೋಮೀಟರ್ ಎಳೆಯುವುದು ಕಷ್ಟ. ವೇಗ ಹೆಚ್ಚಿದಷ್ಟೂ ಗಾಳಿ ತಡೆಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಹೋದ ಕಡೆ ಚಾರ್ಜ್ ಮಾಡಲೇಬೇಕು. ಎರಡನೆಯದು ವಾರಂಟಿ. ಬ್ಯಾಟರಿಗೆ ಎಂಟು ವರ್ಷ ಅಥವಾ 80,000 ಕಿಲೋಮೀಟರ್ ಎಂದು ಕೆಲವರು ಕೊಡುತ್ತಾರೆ. ನಿಮ್ಮ ಮಗ ವರ್ಷಕ್ಕೆ 33,000 ಓಡಿಸುತ್ತಾನೆ. ಎರಡೂವರೆ ವರ್ಷ ಆಗುವ ಮೊದಲೇ ವಾರಂಟಿ ಮುಗಿಯಿತು! ಇನ್ನೊಂದು ಗೃಹಜ್ಯೋತಿ. ತಿಂಗಳಿಗೆ 125 ಯೂನಿಟ್ ಚಾರ್ಜಿಂಗ್‌ಗೇ ಹೋದರೆ, ಮನೆಯ ಬಳಕೆ ಸೇರಿ 200 ದಾಟಬಹುದು. ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಇದನ್ನು ಶೋರೂಮ್‌ನವರು ಹೇಳುವುದಿಲ್ಲ.

ನಮ್ಮ ಮನೆಯಲ್ಲೂ ಒಂದು ಎಲೆಕ್ಟ್ರಿಕ್ ಸ್ಕೂಟರ್ ಇದೆ. ಪರ್ಕಳದಿಂದ ಮಣಿಪಾಲ, ಉಡುಪಿ, ಕೆಲವೊಮ್ಮೆ ಮಲ್ಪೆ. ದಿನಕ್ಕೆ 25 ಕಿಲೋಮೀಟರ್. ಅದನ್ನು ಬಿಟ್ಟು ಬೇರೆ ಗಾಡಿ ಹತ್ತಲು ಮನಸ್ಸೇ ಬರುವುದಿಲ್ಲ. ಒಂದು ಆಟಿ ತಿಂಗಳಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಆಗ ಹಳೆಯ ಪೆಟ್ರೋಲ್ ಬೈಕನ್ನೇ ಹೊರಗೆ ತೆಗೆದೆ. 25 ಕಿಲೋಮೀಟರ್‌ನವನಿಗೆ ಅದು ಎರಡು ದಿನದ ತೊಂದರೆ, ಅಷ್ಟೇ. 110 ಕಿಲೋಮೀಟರ್‌ನವನಿಗೆ ಎರಡು ದಿನದ ಸಂಬಳ.

ಕಲ್ಲಿದ್ದಲಿನ ವಾದ ಅರ್ಧ ಮಾತ್ರ ಸರಿ. ಎಲ್ಲೂರಿನ ಸ್ಥಾವರ 1,200 ಮೆಗಾವಾಟ್‌ನದ್ದು, ನಿಜ. ಆದರೆ ನಮ್ಮ ರಾಜ್ಯದ ಕರೆಂಟ್ ಶರಾವತಿಯಿಂದಲೂ ಬರುತ್ತದೆ, ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನಿಂದಲೂ ಬರುತ್ತದೆ, ಗಾಳಿಯಿಂದಲೂ ಬರುತ್ತದೆ.

ಹಾಗಾಗಿ ನನ್ನ ಮಾತು ಹೀಗಿದೆ. ಈ ದೂರಕ್ಕೆ, ಈ ವರ್ಷ, ಪೆಟ್ರೋಲ್ ಬೈಕೇ ಸರಿ. ಆದರೆ 350 ಬೇಡ. 150, 160 ಸಿಸಿಯದ್ದು ತೆಗೆದುಕೊಳ್ಳಿ. ಲೀಟರಿಗೆ 45 ಬಂದರೂ ತಿಂಗಳಿಗೆ ಸುಮಾರು 1,800 ರೂಪಾಯಿ ಉಳಿಯುತ್ತದೆ. ಇನ್ನೂ ಚಿಕ್ಕದಾದ 100 ಸಿಸಿ ಯಾಕೆ ಹೇಳಲಿಲ್ಲ ಎಂದರೆ, 125 ಸಿಸಿಗಿಂತ ಮೇಲಿನ ಬೈಕ್‌ಗಳಿಗೆ 2019ರಿಂದ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಪಡುಬಿದ್ರಿ, ಮುಲ್ಕಿ ಕಡೆ ಜುಲೈ ಮಳೆಯಲ್ಲಿ ಲಾರಿ ಹಿಂದೆ ಬ್ರೇಕ್ ಹಿಡಿದವರಿಗೆ ಎಬಿಎಸ್ ಬೆಲೆ ಗೊತ್ತು. ಅಲ್ಲಿ ಉಳಿತಾಯದ ಲೆಕ್ಕ ಹಾಕಬೇಡಿ. ಇನ್ನೊಂದು ವಿಷಯ: ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿ ಇಡುವುದಾದರೆ ಟ್ಯಾಂಕ್ ಖಾಲಿ ಬಿಡಬೇಡಿ. ಉಪ್ಪು ಗಾಳಿಗೆ ಚೈನ್‌ಗೂ ಎಣ್ಣೆ ತಪ್ಪಿಸಬಾರದು.

ಮತ್ತೆ, ಮಾರಾಯ್ರೇ, ಜೋರು ಮಳೆಯ ಎರಡು ತಿಂಗಳು ಅವನನ್ನು ಎಕ್ಸ್‌ಪ್ರೆಸ್ ಬಸ್ಸಿಗೆ ಹತ್ತಿಸಿ. ಕುಂದಾಪುರ–ಮಂಗಳೂರು ಬಸ್ಸು ಬ್ರಹ್ಮಾವರದಲ್ಲೂ ನಿಲ್ಲುತ್ತದೆ, ಸುರತ್ಕಲ್‌ನಲ್ಲೂ ನಿಲ್ಲುತ್ತದೆ. ನನಗೂ ಆ ವಯಸ್ಸಿನ ಮಗ ಇದ್ದಾನೆ. ಅದಕ್ಕೇ ಇದನ್ನು ಬರೆಯದೆ ಬಿಡಲು ಆಗಲಿಲ್ಲ.

ಮನೆಗೆ ಇನ್ನೊಂದು ಗಾಡಿ ಬೇಕು, ಪೇಟೆಗೆ, ಸೊಸೈಟಿಗೆ ಹೋಗಿ ಬರಲು ಎಂದಾದರೆ ಯೋಚಿಸಲೇ ಬೇಡಿ. ಅದು ಎಲೆಕ್ಟ್ರಿಕ್ ಸ್ಕೂಟರೇ ಆಗಲಿ.

ಬೈಕ್ ಬುಕ್ ಮಾಡುವ ಮೊದಲು ಮಗ ಒಂದು ಕೆಲಸ ಮಾಡಲಿ. ಕಾರ್ಖಾನೆಯ ಪಾರ್ಕಿಂಗ್ ಶೆಡ್‌ನಲ್ಲಿ ಚಾರ್ಜ್ ಮಾಡಲು ಪ್ಲಗ್ ಪಾಯಿಂಟ್ ಇದೆಯಾ, ಕೆಲಸಗಾರರಿಗೆ ಬಿಡುತ್ತಾರಾ ಎಂದು ಕೇಳಿಕೊಂಡು ಬರಲಿ. ಇದೆ ಎಂದಾದರೆ ನನಗೆ ಒಂದು ಕಾರ್ಡ್ ಹಾಕಿ. ಲೆಕ್ಕ ಮತ್ತೆ ಮೊದಲಿನಿಂದ ಹಾಕೋಣ.

– ಸಂಪಾದಕ